ಟವೆಲ್ಲು ಹಾಕಿದವರ ಊಹೆ

ರಬ್ಬರಿನ ಸದ್ದು. ಹಾಗಂದರೆ ನೀವು ನಗಬಹುದು, ರಬ್ಬರಿಗೂ ಒಂದು ಸದ್ದಾ ಅಂತ. ನಮ್ಮನೆ ವರಾಂಡದಲ್ಲಿ ಕೂತು ಕೇಳಿದ್ದರೆ ನಗುತ್ತಿರಲಿಲ್ಲ. ಸರಕ್ ಸರಕ್ ಅಂತ ಉಜ್ಜುವುದು, ಆಮೇಲೆ ಹಾಳೆಯ ಮೇಲೆ ‘ಉಫ್’ ಅಂತ ಊದುವುದು, ಕೊನೆಗೆ ಅಂಗೈ ಅಂಚಿನಿಂದ ಆ ಕರೀ ಪುಡಿಯನ್ನು ನೆಲಕ್ಕೆ ಸವರುವುದು. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ ನಿಂತಿದ್ದರೂ ಆ ಸದ್ದು ಕಿವಿಗೆ ಬಿದ್ದ ತಕ್ಷಣ ನನಗೆ ಗೊತ್ತಾಗಿಬಿಡುತ್ತಿತ್ತು: ಹುಡುಗಿ ಈಗತಾನೇ ಸರಿಯುತ್ತರ ಬರೆದಿದ್ದಳು, ಈಗ ಅದನ್ನು ಅಳಿಸುತ್ತಿದ್ದಾಳೆ.

ಹುಡುಗಿ ಅಂತ ನಾನು ಅನ್ನುವುದು. ಮದುವೆಯಾಗಿ ಎಷ್ಟೋ ವರ್ಷವಾಗಿದ್ದ ಹೆಂಗಸು ಅವಳು. ಮದ್ದೂರಿನ ಹತ್ತಿರದ ಕೊಪ್ಪದವಳು. ಮಂಡ್ಯದಲ್ಲಿರುವ ನಮ್ಮನೆಗೆ ಅವಳು ಬಂದದ್ದು ಅವಳ ಅತ್ತೆಯ ಜೊತೆ, ಅತ್ತೆ ಬಂದದ್ದು ಬೆಣ್ಣೆಯ ಜೊತೆ.

ಬೆಣ್ಣೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮ ಯಜಮಾನರು ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳ ಸಂಶೋಧನೆಯ ಕೆಲಸದಲ್ಲಿದ್ದ ಕಾಲದಿಂದಲೂ ಆಕೆ ಮಂಗಳವಾರ ಬೆಳಿಗ್ಗೆ ನಮ್ಮನೆಗೆ ಬೆಣ್ಣೆ ತರುತ್ತಿದ್ದಳು. ಸ್ಟೀಲ್ ಡಬ್ಬಿಯ ತಣ್ಣೀರಿನಲ್ಲಿ ತೇಲುವ ಬೆಣ್ಣೆ ಉಂಡೆಗಳು. ಕೊಪ್ಪದಿಂದ ಮದ್ದೂರಿಗೆ ಒಂದು ಬಸ್ಸು, ಮದ್ದೂರಿನಿಂದ ಮಂಡ್ಯಕ್ಕೆ ಇನ್ನೊಂದು. ಗೇಟಿನ ಚಿಲಕ ತೆಗೆಯುತ್ತಲೇ ಕೂಗುತ್ತಿದ್ದಳು, “ಅಮ್ಮಾವ್ರೇ, ಎದ್ದಿದ್ದೀರಾ, ಇನ್ನೂ ಇಂಗ್ಲೀಸ್ ನಿದ್ದೆನಾ?” ನಾನು ಕಾನ್ವೆಂಟಿನಲ್ಲಿ ಓದಿದವಳು ಎನ್ನುವುದು ಆಕೆಗೆ ಒಂದು ಮುಗಿಯದ ತಮಾಷೆ. ನಾನು ತಟ್ಟೆಯಲ್ಲಿ ತಿಂಡಿ ಕೊಟ್ಟರೆ, “ಚಮ್ಚ ಬ್ಯಾಡಿ ಕಣಮ್ಮ, ನಮ್ ಕೈಗೆ ಬೆರ್ಳು ಅವೆ,” ಎನ್ನುವಳು. ನಾನು ‘ಥ್ಯಾಂಕ್ಯೂ’ ಅಂದರೆ ಹಿಂದೆ ತಿರುಗಿ ನೋಡುವಳು, ಬೇರೆ ಯಾರಿಗಾದರೂ ಹೇಳಿದೆನಾ ಅಂತ.

ಒಂದು ಮಂಗಳವಾರ ಡಬ್ಬಿಯ ಜೊತೆ ಸೊಸೆಯನ್ನೂ ತಂದಳು. ‘ತಂದಳು’ ಅನ್ನುವುದೇ ಸರಿ. ತೋಳು ಹಿಡಿದು ಮೆಟ್ಟಿಲು ಹತ್ತಿಸಿ ನನ್ನ ಮುಂದೆ ನಿಲ್ಲಿಸಿದಳು.

“ಅಮ್ಮಾವ್ರೇ, ಇವ್ಳು ನಮ್ ಅಣ್ಣನ್ ಮಗ್ಳು. ನನ್ ಮಗಂಗೇ ತಂದ್ಕಂಡೆ. ಬಿಯ್ಯೆ ಓದವ್ಳೆ. ಕ್ಲಾರ್ಕ್ ಪರೀಕ್ಸೆ ಕಟ್ತಾಳೆ, ಕಟ್ತಾಳೆ, ಕಟ್ತಾನೇ ಅವ್ಳೆ. ಈ ಸಲ ಆಗ್ನಿಲ್ಲ ಅಂದ್ರೆ ಇನ್ ಬರಂಗೇ ಇಲ್ವಂತೆ. ವಯಸ್ ಆಗೋಯ್ತದಂತೆ. ನಂಗೆ ಆಗ್ದಿರೋ ವಯಸ್ಸು ಇವ್ಳಿಗೆ ಆಗೋಯ್ತದಂತೆ ನೋಡಿ!”

ಸೊಸೆ ತಲೆ ತಗ್ಗಿಸಿ ನಕ್ಕಳು. ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. ಸರ್ಕಾರಿ ಗುಮಾಸ್ತೆ ಹುದ್ದೆಯ ಪರೀಕ್ಷೆ. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯದು. ಹಿಂದಿನ ಸಲ ಸ್ವಲ್ಪದರಲ್ಲಿ ತಪ್ಪಿತ್ತು. ಕನ್ನಡ ಚೆನ್ನಾಗಿ ಬರುತ್ತದೆ, ಜಿ.ಕೆ. ಪರವಾಗಿಲ್ಲ, ಲೆಕ್ಕ ಹೇಗೋ ಮಾಡುತ್ತಾಳೆ. ಮೆಂಟಲ್ ಎಬಿಲಿಟಿಯಲ್ಲಿ ‘ಹೇಳಿಕೆ ಮತ್ತು ಊಹೆ’ ಅಂತ ಒಂದು ಭಾಗ ಬರುತ್ತದಲ್ಲ, ಅಲ್ಲಿ ಮಾತ್ರ ಪ್ರತಿ ಸಲವೂ ಎಡವುತ್ತಾಳೆ. ಯೂಟ್ಯೂಬಿನಲ್ಲಿ ಪಾಠ ಮಾಡುವವರು ಬಹಳ ಫಾಸ್ಟು. “ನೀವು ಕಾಲೇಜಲ್ಲಿ ಲಾಜಿಕ್ ಓದಿದ್ರಂತೆ, ಅತ್ತೆ ಹೇಳ್ತು,” ಅಂದಳು.

ಅತ್ತೆಗೆ ಅದನ್ನು ನಾನು ಯಾವಾಗ ಹೇಳಿದ್ದೆನೋ! ಆದರೆ ನಿಜ. ಮಳವಳ್ಳಿಯಲ್ಲಿ ಹುಟ್ಟಿದ ನನ್ನನ್ನು ಅಪ್ಪ ಮೈಸೂರಿನ ಕಾನ್ವೆಂಟ್ ಹಾಸ್ಟೆಲ್ಲಿಗೆ ಹಾಕಿದ್ದರು. ಪಿ.ಯು.ಸಿ.ಯಲ್ಲಿ ಲಾಜಿಕ್ ತಗೊಂಡಿದ್ದೆ. ನಮಗೆ ಅದನ್ನು ಕಲಿಸುತ್ತಿದ್ದ ಸಿಸ್ಟರ್ ಕೈಯಲ್ಲಿ ಜಪಸರ ಹಿಡಿದುಕೊಂಡೇ ‘ಆಲ್ ಮೆನ್ ಆರ್ ಮಾರ್ಟಲ್’ ಅನ್ನುತ್ತಿದ್ದರು, ಏನೋ ಶುಭ ಸಮಾಚಾರ ತಿಳಿಸುವ ಹಾಗೆ.

“ಅದಕ್ಕೇನು, ಹೇಳ್ಕೊಡೋಣ,” ಅಂದೆ. ಟು ಬಿ ಆನೆಸ್ಟ್, ನನಗೂ ಖುಷಿಯಾಗಿತ್ತು. ಈ ವಯಸ್ಸಿನಲ್ಲಿ ಯಾರಾದರೂ ನಮ್ಮ ಹತ್ತಿರ ಬಂದು ಲಾಜಿಕ್ ಕೇಳುತ್ತಾರೆ ಅಂದರೆ!

“ಫೀಸ್ ಗೀಸ್ ಅನ್ಬುಟ್ಟೀರಾ,” ಅಂದಳು ಅತ್ತೆ. “ಬೆಣ್ಣೆ ಒಸಿ ದೊಡ್ಡುಂಡೆ ಕಟ್ತೀನಿ.”

“ನಿನ್ ಸೊಸೆಗೆ ಕೆಲಸ ಸಿಗಲಿ ಅಂತ ನಿಂಗೇ ಅವಸರ ಜಾಸ್ತಿ ಇದ್ದ ಹಾಗಿದೆಯಲ್ಲಮ್ಮ,” ಅಂದೆ ನಾನು, ಸುಮ್ಮನೆ ಕೆಣಕಲು.

ಆಕೆ ನಗಲಿಲ್ಲ. ಡಬ್ಬಿಯ ಮುಚ್ಚಳ ಒತ್ತುತ್ತಾ ಹೇಳಿದಳು, “ನಾನು ಹುಟ್ಟಿದಾಗ್ಲಿಂದ ನಿಂತ್ಕಂಡೇ ಇವ್ನಿ ಕಣಮ್ಮ. ಗದ್ದೇಲಿ ನಿಂತ್ಕಂಡು, ಡೈರಿ ಮುಂದೆ ನಿಂತ್ಕಂಡು, ಬಸ್ಸಲ್ಲಿ ನಿಂತ್ಕಂಡು. ನಮ್ಮನೇಲಿ ಒಬ್ಳಾದ್ರೂವೆ ಫ್ಯಾನ್ ಕೆಳಗೆ ಕುರ್ಚಿ ಮೇಲೆ ಕೂತಿರೋದ್ನ ನಾ ನೋಡ್ಬೇಕು. ಅಷ್ಟೇಯಾ.”

ಹಾಗೆ ಮಂಗಳವಾರದ ಪಾಠ ಶುರುವಾಯಿತು.

ವರಾಂಡದ ರೆಡ್ ಆಕ್ಸೈಡ್ ನೆಲದ ಮೇಲೆ ಸೊಸೆ ಕಾಲು ಮಡಚಿ ಕೂರುವಳು. ಕುರ್ಚಿ ಕೊಟ್ಟರೂ ಬೇಡ ಅನ್ನುವಳು. ಅತ್ತೆ ಉಳಿದ ಮನೆಗಳಿಗೆ ಬೆಣ್ಣೆ ಹಾಕಿ ವಾಪಸ್ಸು ಬಂದು ಕಂಬಕ್ಕೆ ಒರಗುವಳು. ಯಜಮಾನರು ಆಚೆ ಮೂಲೆಯಲ್ಲಿ ಪೇಪರ್ ಹಿಡಿದು, ಕೇಳಿಸಿಕೊಳ್ಳುತ್ತಿಲ್ಲ ಎನ್ನುವಂತೆ ಕೇಳಿಸಿಕೊಳ್ಳುವರು.

ಈ ಪ್ರಶ್ನೆಗಳು ಹೇಗಿರುತ್ತವೆ ಅಂದರೆ, ಮೊದಲು ಒಂದು ಹೇಳಿಕೆ. ಅದರ ಕೆಳಗೆ ಎರಡು ಊಹೆ. ಹೇಳಿದವನು ಬಾಯಿಬಿಟ್ಟು ಹೇಳದೆ, ಮನಸ್ಸಿನಲ್ಲೇ ನಂಬಿಕೊಂಡಿರುವುದು ಯಾವುದು ಅಂತ ನಾವು ಹುಡುಕಬೇಕು. ಬುಕ್ಕಿನ ಭಾಷೆಯಲ್ಲಿ ‘ಯಾವ ಊಹೆ ಸೂಚ್ಯವಾಗಿದೆ?’ ಅಂತ.

ಮೊದಲ ದಿನದ್ದು ಇನ್ನೂ ನೆನಪಿದೆ. ಹೇಳಿಕೆ: ‘ಎ ಎಂಬುವವನು ಬಿ ಎಂಬುವವನಿಗೆ, ನಾಳೆ ನಮ್ಮ ಮನೆಗೆ ಊಟಕ್ಕೆ ಬಾ, ಎಂದನು.’ ಊಹೆ ಒಂದು: ಬಿ ಬರಬಹುದು. ಊಹೆ ಎರಡು: ಬಿ-ಗೆ ಎ-ನ ಮನೆಯ ಅಡುಗೆ ಬಹಳ ಇಷ್ಟ.

ಸೊಸೆ ‘ಒಂದು ಮಾತ್ರ’ ಅಂತ ಟಿಕ್ ಹಾಕಿದಳು. ನಾನು ಮನಸ್ಸಿನಲ್ಲೇ ಭೇಷ್ ಅಂದುಕೊಂಡೆ. ಅಷ್ಟರಲ್ಲಿ ಕಂಬದ ಕಡೆಯಿಂದ ಮಾತು ಬಂತು.

“ಎಲ್ಲ್ ಸಿಕ್ದಾಗ ಕರುದ್ನಂತೆ?”

“ಯಾರು?”

“ಆ ಎ ಅನ್ನೋನು. ದಾರೀಲಿ ಸಿಕ್ದಾಗ ಬಾ ಅಂದ್ನೋ, ಮನೆಗ್ ಬಂದು ಕರುದ್ನೋ? ದಾರೀಲಿ ಸಿಕ್ಕಿ ‘ಬಾ’ ಅಂದ್ರೆ ಮಾನಸ್ತ ಯಾವನಾದ್ರೂ ಓಗ್ತಾನಾ? ನಮ್ಮೋರಗಿತ್ತಿ ಬೀಗ್ರೂಟಕ್ಕೆ ಅಂಗೇ ಕರುದ್ಲು, ಬಸ್ಟ್ಯಾಂಡಲ್ಲಿ. ನಾವು ಓಗ್ನಿಲ್ಲ. ಅವ್ಳೂ ಕಾಯ್ನಿಲ್ಲ.”

ಸರಕ್ ಸರಕ್. ಉಫ್. ಸೊಸೆ ‘ಯಾವುದೂ ಅಲ್ಲ’ ಅಂತ ಬದಲಾಯಿಸಿದಳು.

“ಯಾಕೆ ಮಗೂ ಅಳಿಸಿದೆ?”

“ಅತ್ತೆ ಹೇಳೋದು ನಿಜ ಮೇಡಂ. ಅಂಗೆಲ್ಲ ಕರುದ್ರೆ ಯಾರೂ ಬರಲ್ಲ. ಅದು ಅವ್ನಿಗೂ ಗೊತ್ತಿರ್ತದೆ.”

ಯಜಮಾನರು ಪೇಪರಿನ ಹಿಂದಿನಿಂದ, “ಇನ್‌ಸಫಿಷಿಯೆಂಟ್ ಡೇಟಾ,” ಅಂದರು. ಅವರ ಸರ್ವಿಸ್ಸಿನಲ್ಲೆಲ್ಲ ಅವರ ಮುಖ್ಯ ಡೈಲಾಗ್ ಅದೇ.

ಇನ್ನೊಂದು ದಿನ ಸೋಪಿನ ಜಾಹೀರಾತು. ‘ಮೃದುವಾದ ತ್ವಚೆಗೆ ನಮ್ಮ ಸೋಪನ್ನೇ ಬಳಸಿ.’ ಊಹೆ ಒಂದು: ಜನಕ್ಕೆ ಮೃದುವಾದ ತ್ವಚೆ ಬೇಕು. ಊಹೆ ಎರಡು: ಬೇರೆ ಸೋಪುಗಳು ಚರ್ಮವನ್ನು ಕೆಡಿಸುತ್ತವೆ. ಅವಳು ಎರಡಕ್ಕೂ ಹೌದು ಅಂದಳು. ಎರಡನೆಯದನ್ನು ಎಲ್ಲಿ ಹೇಳಿದ್ದಾನೆ ತೋರಿಸು ಅಂದೆ.

“ಹೇಳಿಲ್ಲ ಮೇಡಂ. ಆದ್ರೆ ಅವ್ನ ಮನಸಲ್ಲಿ ಅದೇ ಇರೋದು.”

“ಮಿಕ್ಕಿದ್ ಸೋಪೆಲ್ಲ ಚೆಂದಾಗಿದ್ರೆ ಇವ್ನ್ಯಾಕೆ ಅಂಗ್ ಬಡ್ಕಂಡಾನು?” ಅಂದಳು ಅತ್ತೆ. “ನಾನ್ ಬೆಣ್ಣೆ ಮಾರೋಳಲ್ವ, ನಂಗ್ ಗೊತ್ತಿಲ್ವಾ?”

ನನಗೆ ನಿಧಾನಕ್ಕೆ ತೊಂದರೆ ಏನೆಂದು ಅರ್ಥವಾಗತೊಡಗಿತು. ಹುಡುಗಿ ದಡ್ಡಿಯಲ್ಲ. ಅವಳಿಗೆ ಲೋಕ ಬಹಳ ಚೆನ್ನಾಗಿ ಗೊತ್ತು, ಅದೇ ತೊಂದರೆ. ಹೇಳಿಕೆ ಎಷ್ಟೇ ಚಿಕ್ಕದಿರಲಿ, ಅದರ ಸುತ್ತ ಇಡೀ ಕೊಪ್ಪದ ಬೀದಿಯನ್ನೇ ಕಟ್ಟಿಬಿಡುತ್ತಿದ್ದಳು. ಕರೆದವನ ಠೇಂಕಾರ, ಸೋಪಿನವನ ಹೊಟ್ಟೆಕಿಚ್ಚು, ಬೋರ್ಡು ಬರೆಸಿದವನ ಸೋಮಾರಿತನ ಎಲ್ಲ ಅವಳಿಗೆ ಕಾಣುತ್ತಿತ್ತು. ಪ್ರಶ್ನೆ ಬರೆದವನಿಗೆ ಅದೊಂದೂ ಕಂಡಿರುವುದಿಲ್ಲ. ನಮ್ಮ ಕಡೆ ಮಾತೇ ಹಾಗಲ್ಲವೇ? ಹೇಳುವುದು ಒಂದು ಹಿಡಿ, ತಿಳಿದುಕೊಳ್ಳುವುದು ಒಂದು ಮೊರ. ‘ಊಟ ಆಯ್ತಾ’ ಅಂದರೆ ಊಟದ ವಿಚಾರವಲ್ಲ ಎಂದು ಇಲ್ಲಿ ಮಗುವಿಗೂ ಗೊತ್ತು. ಅಂಥ ಊರಿನವಳಿಗೆ, ಮಾತಿನಲ್ಲಿ ಇರುವಷ್ಟನ್ನೇ ನೋಡು, ಆಚೀಚೆ ನೋಡಬೇಡ ಅನ್ನುವುದು ಹೇಗೆ?

ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದ ಒಂದು ಉಪಾಯ ನೆನಪಾಯಿತು. ಗೋಡೆಯ ಮೇಲಿನ ಪಟಕ್ಕೆ ಹಿಂದೆ ಒಂದು ಮೊಳೆ ಇರುತ್ತದೆ, ಮುಂದಿನಿಂದ ಅದು ಕಾಣುವುದಿಲ್ಲ. ಅದು ಅಸಂಪ್ಷನ್ನು. ಅದನ್ನು ಕಿತ್ತು ನೋಡು. ‘ಪುಲ್ ಇಟ್ ಔಟ್ ಆಂಡ್ ಸೀ.’ ಪಟ ಬಿದ್ದರೆ ಆ ಮೊಳೆ ಬೇಕಾದದ್ದು. ಬೀಳದಿದ್ದರೆ ಯಾರೋ ಸುಮ್ಮನೆ ಹೊಡೆದ ಮೊಳೆ. ಇದನ್ನು ಹೇಳುತ್ತಾ ಸಿಸ್ಟರ್ ಕ್ಲಾಸಿನ ಗೋಡೆಯ ಮೇಲಿದ್ದ ಪಟದ ಕಡೆ ಕೈ ಚಾಚುತ್ತಿದ್ದರು. ನಾವೆಲ್ಲ ಇವತ್ತು ಕಿತ್ತೇಬಿಡುತ್ತಾರೆ ಅಂತ ಉಸಿರು ಬಿಗಿ ಹಿಡಿಯುತ್ತಿದ್ದೆವು. ಒಂದು ದಿನವೂ ಕೀಳಲಿಲ್ಲ.

ಹುಡುಗಿಗೆ ಅದನ್ನೇ ಹೇಳಿದೆ. ಸೋಪಿನ ಎರಡನೇ ಊಹೆಯನ್ನು ಕಿತ್ತು ನೋಡು ಅಂದೆ. ಬೇರೆ ಸೋಪುಗಳೂ ಒಳ್ಳೆಯವೇ ಅಂದುಕೋ, ಆಗಲೂ ಇವನು ‘ನಮ್ಮದನ್ನು ಬಳಸಿ’ ಅನ್ನಬಹುದಲ್ಲವಾ? ಕಣ್ಣು ಕಿರಿದು ಮಾಡಿ ಯೋಚಿಸಿದಳು. “ಹೌದು ಮೇಡಂ, ಪಟ ಬೀಳಲ್ಲ,” ಅಂದಳು. ಆ ಜಾತಿಯ ತಪ್ಪು ಅಲ್ಲಿಗೆ ಅರ್ಧಕ್ಕರ್ಧ ಕಡಿಮೆಯಾಯಿತು.

ಆದರೆ ಇನ್ನೊಂದು ಜಾತಿಯದು ಜಗ್ಗಲಿಲ್ಲ. ಬಸ್ ನಿಲ್ದಾಣದಲ್ಲಿ ಬೋರ್ಡು: ‘ದಯವಿಟ್ಟು ಸಾಲಿನಲ್ಲಿ ನಿಂತು ಬಸ್ ಹತ್ತಿರಿ.’ ಊಹೆ: ಬೋರ್ಡು ನೋಡಿ ಕೆಲವರಾದರೂ ಸಾಲಿನಲ್ಲಿ ನಿಲ್ಲುತ್ತಾರೆ. ಬುಕ್ಕಿನ ಉತ್ತರ, ಸೂಚ್ಯವಾಗಿದೆ. ಅವಳ ಉತ್ತರ, ಇಲ್ಲ.

“ಮೊಳೆ ಕೀಳು,” ಅಂದೆ. “ಯಾರೂ ಕೇಳೋದೇ ಇಲ್ಲ ಅಂತ ಗೊತ್ತಿದ್ದರೆ ಬೋರ್ಡು ಯಾಕೆ ಹಾಕಿಸ್ತಿದ್ದ?”

“ಮೇಡಂ, ಮೊಳೆ ಮೊದ್ಲಿಂದ್ಲೇ ಇಲ್ವಲ್ಲ! ಮದ್ದೂರ್ ಬಸ್ಟ್ಯಾಂಡಿಗೆ ಒಂದ್ಸಲ ಬನ್ನಿ. ಯಾವನು ಸಾಲಲ್ಲಿ ನಿಂತವ್ನೆ ನೋಡೀರಂತೆ. ಸುಳ್ಳನ್ನ ಹೌದು ಅಂತ ಎಂಗೆ ಬರೀಲಿ?”

ಸುಳ್ಳು. ಅವಳಿಗೆ ನೋವಾಗುತ್ತಿದ್ದದ್ದು ಅಲ್ಲಿ. ನಡೆಯದಿರುವುದನ್ನು ‘ಇದೆ’ ಅಂತ ಬರೆಯಲು ಕೈ ಬರುತ್ತಿರಲಿಲ್ಲ. ಅದು ನಿಜವೋ ಸುಳ್ಳೋ ಅಂತ ಯಾರೂ ಕೇಳುತ್ತಿಲ್ಲ, ಬೋರ್ಡು ಹಾಕಿಸಿದವನು ನಂಬಿದ್ದನೋ ಇಲ್ಲವೋ ಅಂತ ಮಾತ್ರ ಕೇಳುತ್ತಿದ್ದಾರೆ. ನಾನು ಇದನ್ನು ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ, ಕೈಸನ್ನೆಯಲ್ಲೂ ಹೇಳಿದೆ. ತಲೆಯಾಡಿಸುವಳು, ಸರಿಯಾಗಿ ಟಿಕ್ ಹಾಕುವಳು, ಆಮೇಲೆ ಮನಸ್ಸು ತಡೆಯದೆ ಸರಕ್ ಸರಕ್, ಉಫ್. ಪರೀಕ್ಷೆ ಹತ್ತಿರ ಬರುತ್ತಿತ್ತು. ಅಲ್ಲಿ ಪೆನ್ಸಿಲ್ಲಿಲ್ಲ, ಬಾಲ್‌ಪೆನ್ನಿನಲ್ಲಿ ಗುಂಡಗಿನ ಚುಕ್ಕಿ ತುಂಬಬೇಕು. ಒಮ್ಮೆ ತುಂಬಿದರೆ ಮುಗಿಯಿತು.

ಆಮೇಲೊಂದು ಮಂಗಳವಾರ ಅತ್ತೆ ಗೇಟಿನಿಂದ ಕೂಗಲೇ ಇಲ್ಲ. ಬಂದವಳೇ ಡಬ್ಬಿಯನ್ನು ಕುಕ್ಕಿದಳು. ನೀರು ತುಳುಕಿ ನೆಲವೆಲ್ಲ ಒದ್ದೆ.

“ಏನಾಯ್ತಮ್ಮ?”

“ಏನಾಗ್ಬೇಕು! ನನ್ ಟವೆಲ್ ಎತ್ಬುಟ್ಟು ಕೂತವ್ಳೆ ಕಣಮ್ಮ ಒಬ್ಳು! ಮಡ್ಚಿ, ನೀಟಾಗ್ ಮಡ್ಚಿ ನನ್ ಕೈಗೇ ಕೊಡ್ತಾಳೆ, ‘ಅಜ್ಜಿ ಇದು ನಿಮ್ದಾ’ ಅಂತ!”

ಟವೆಲ್ಲಿನ ಕತೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವ ಹೊತ್ತಿಗೇ ಜನ ಅದರ ಪಕ್ಕದಲ್ಲಿ ಓಡಿ, ಕಿಟಕಿಯಿಂದ ಟವೆಲ್ಲೋ ಚೀಲವೋ ಕರ್ಚೀಪೋ ಒಳಗೆ ಹಾಕುತ್ತಾರೆ. ಅದು ಬಿದ್ದ ಸೀಟು ಹಾಕಿದವರದು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲಂತೂ ಈ ಓಟ ಇನ್ನೂ ಜೋರು. ಕಾನ್ವೆಂಟಿನಲ್ಲಿ ‘ಲೇಡೀಸ್ ಡೋಂಟ್ ಗ್ರ್ಯಾಬ್’ ಅಂತ ಕಲಿತ ನಾನು ಇಷ್ಟು ವರ್ಷ ಒಂದೇ ಒಂದು ಸಲವೂ ಹಾಕಿದವಳಲ್ಲ. ಅದಕ್ಕೇ ಮಂಡ್ಯದಿಂದ ಮಳವಳ್ಳಿಯವರೆಗೆ ಎಷ್ಟೋ ಸಲ ಗ್ರೇಸ್‌ಫುಲ್ಲಾಗಿ ನಿಂತುಕೊಂಡೇ ಹೋಗಿದ್ದೇನೆ. ಅತ್ತೆ ಮಾತ್ರ ಈ ವಿದ್ಯೆಯಲ್ಲಿ ಪಂಡಿತೆ. ಅವಳ ಕೆಂಪು ಟವೆಲ್ಲು ಕಂಡರೆ ಕಂಡಕ್ಟರುಗಳೂ ಗುರುತು ಹಿಡಿಯುತ್ತಿದ್ದರಂತೆ.

“ನೀನು ಸುಮ್ಮನೆ ಬಿಟ್ಯಾ?” ಅಂದರು ಯಜಮಾನರು. ಪೇಪರು ಆಗಲೇ ಮಡಿಲಿಗೆ ಇಳಿದಿತ್ತು.

“ಬುಡ್ತೀನಾ? ‘ಟವೆಲ್ ಕಾಣ್ನಿಲ್ವೇನೇ’ ಅಂದೆ. ‘ಟವೆಲ್ಲಿಗೆ ಟಿಕೀಟ್ ತಗಂಡಿದ್ರಾ’ ಅಂತಾಳೆ ಸ್ವಾಮಿ! ನಿಮ್ ತಾಯಿ ಇಂಗೇ ಕಲ್ಸಿದ್ಲಾ ಅಂದೆ. ಮಂಡ್ಯ ಬರೋಗಂಟ ಅವ್ಳ್ ಕೂತ್ಕಂಡು, ನಾನ್ ನಿಂತ್ಕಂಡು, ಬಾಯ್ ಮಾತ್ರ ಇಬ್ರುದೂ ಬುಡ್ನಿಲ್ಲ.”

ನಾವೆಲ್ಲ ನಕ್ಕೆವು. ಸೊಸೆ ನಗಲಿಲ್ಲ. ಪೆನ್ಸಿಲ್ಲನ್ನು ಗಲ್ಲಕ್ಕೆ ಒತ್ತಿಕೊಂಡು ಅತ್ತೆಯನ್ನೇ ನೋಡುತ್ತಿದ್ದಳು.

“ಅತ್ತೆ, ಟವೆಲ್ ಹಾಕ್ದಾಗ ನೀನ್ ಏನ್ ಅನ್ಕಂಡಿದ್ದೆ?”

“ಅನ್ಕಳದೇನು? ಟವೆಲ್ ಇದ್ರೆ ಯಾರೂ ಕೂರಲ್ಲ ಅಂತ.”

“ಕೂತ್ಲಲ್ಲ?”

“ಕೂತ್ಲು, ಮುಂಡೇದು.”

“ಅಂಗಾರೆ ನೀನ್ ಅನ್ಕಂಡಿದ್ದು ಸುಳ್ಳಾಯ್ತಲ್ಲ. ಇನ್ಮುಂದೆ ಹಾಕಲ್ವಾ?”

ಅತ್ತೆ ಅವಳನ್ನು ಬುದ್ಧಿ ಕೆಟ್ಟವಳನ್ನು ನೋಡುವ ಹಾಗೆ ನೋಡಿದಳು. “ಯಾಕ್ ಹಾಕಲ್ಲ? ಯಾವ್ಳೋ ಒಬ್ಳು ಮಾನಗೆಟ್ಟೋಳು ಎತ್ತುದ್ಲು ಅಂತ ನಾನ್ ಟವೆಲ್ ಹಾಕದ್ ಬುಡ್ಲಾ? ಇವತ್ತು ವಾಪಸ್ ಓಗೋವಾಗ್ಲೂ ಹಾಕ್ತೀನಿ. ಕೂರಲ್ಲ ಅನ್ಕಂಡೇ ಹಾಕ್ತೀನಿ. ಇಲ್ದಿದ್ರೆ ಟವೆಲ್ ಯಾಕ್ಲೇ ಹಾಕ್ಬೇಕು, ಕಿಟಕಿ ಒರ್ಸಕಾ?”

ಸೊಸೆ ಬುಕ್ಕು ತೆಗೆದು ಹಿಂದಿನ ಹಾಳೆಗಳಿಗೆ ಹೋದಳು. ಸಾಲಿನ ಬೋರ್ಡಿನ ಪ್ರಶ್ನೆ, ಉಗುಳಬೇಡಿ ಅನ್ನುವ ಬೋರ್ಡಿನ ಪ್ರಶ್ನೆ, ಊಟಕ್ಕೆ ಕರೆದ ಎ-ನ ಪ್ರಶ್ನೆ. ಒಂದೊಂದರ ಮೇಲೂ ಬೆರಳಿಟ್ಟು, “ಬೋರ್ಡ್ ಹಾಕ್ಸಿದೋನು ಟವೆಲ್ ಹಾಕವ್ನೆ. ಇವ್ನೂ ಟವೆಲ್ ಹಾಕವ್ನೆ,” ಅಂತ ತನ್ನಷ್ಟಕ್ಕೇ ಅನ್ನುತ್ತಾ ಟಿಕ್ ಹಾಕುತ್ತಾ ಹೋದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. “ಜನ ಕೂರ್ತಾರೋ ಬುಡ್ತಾರೋ ನನ್ ಕೆಲ್ಸ ಅಲ್ಲ. ಹಾಕ್ದೋರು ಏನ್ ನಂಬ್ಕಂಡ್ ಹಾಕುದ್ರು ಅಂತ ಬರೀಬೇಕು. ಅಷ್ಟೇನಾ ಮೇಡಂ?”

“ಅಷ್ಟೇ ಕಣಮ್ಮ,” ಅಂದೆ.

“ಅದ್ನ ಮೊದ್ಲೇ ಹೇಳಕಾಗ್ತಿರ್ನಿಲ್ವಾ ನಿಮ್ಮ ಬುಕ್ಕಲ್ಲಿ!”

“ಏನ್ ಅಷ್ಟೇ?” ಅತ್ತೆಗೆ ಏನೂ ಅರ್ಥವಾಗಿರಲಿಲ್ಲ. “ನಂಗಿಲ್ಲಿ ಹೊಟ್ಟೆ ಉರೀತದೆ, ನಿಮ್ಗೆ ಪಾಠನಾ? ಕಾಪಿ ಕೊಡಿ ಮೊದ್ಲು.”

ಅವತ್ತು ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿದೆ. ಹುಡುಗಿ ಹೊರಡುವಾಗ, “ಆ ರಬ್ಬರ್ ಇಲ್ಲಿ ಕೊಡು,” ಅಂದೆ. ಕೊಡಲು ಅನುಮಾನಿಸಿದಳು, ಆಮೇಲೆ ಕೊಟ್ಟಳು. ಒಂದು ಮೂಲೆ ಸವೆದು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಅಲ್ಲಿಂದಾಚೆಗೆ ಬಾಲ್‌ಪೆನ್ನಿನಲ್ಲೇ ಅಭ್ಯಾಸ.

ಒಂದೇ ಸಲಕ್ಕೆ ಎಲ್ಲ ಸರಿಹೋಯಿತು ಅಂತ ಹೇಳಿದರೆ ಅದು ಕತೆಯಾದೀತು. ಆಮೇಲೂ ತಪ್ಪುಗಳಾದವು. ಕೆಲವು ಪ್ರಶ್ನೆಗಳಲ್ಲಿ ಬುಕ್ಕಿನ ಉತ್ತರವೇ ನನಗೆ ಸರಿಕಾಣಲಿಲ್ಲ. ನಾನೂ ಅವಳೂ ಸೇರಿಕೊಂಡು ಪ್ರಶ್ನೆ ಬರೆದವನನ್ನು ಬೈದದ್ದೂ ಉಂಟು. ಯಜಮಾನರು, “ಅವನೂ ಟವೆಲ್ ಹಾಕಿದಾನೆ ಬಿಡಿ, ಯಾರಾದ್ರೂ ಓದ್ತಾರೆ ಅಂತ,” ಅಂದರು. ಆ ಹೊತ್ತಿಗೆ ನಮ್ಮನೆಯಲ್ಲಿ ಟವೆಲ್ಲು ಒಂದು ಟೆಕ್ನಿಕಲ್ ಟರ್ಮ್ ಆಗಿತ್ತು. ಮಧ್ಯಾಹ್ನ ಕರೆಂಟು ಹೋದಾಗ ನಾನು ಕೆ.ಇ.ಬಿ. ಆಫೀಸಿಗೆ ಫೋನು ಮಾಡಿದರೆ ಯಜಮಾನರು, “ಟವೆಲ್ ಹಾಕ್ತಾ ಇದೀಯಾ?” ಅನ್ನುವರು.

ಪರೀಕ್ಷೆ ಮಂಡ್ಯದಲ್ಲೇ ಇತ್ತು. ನಾನು ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಸೆಂಟರಿನ ಹತ್ತಿರ ಹೋದೆ. ಗೇಟಿನೆದುರು ಮರದ ಕೆಳಗೆ ಅತ್ತೆ ಆಗಲೇ ಕೂತಿದ್ದಳು. ಕಾಫಿ ಬೇಡ ಅಂದಳು. ಎಳನೀರೂ ಬೇಡ ಅಂದಳು. ಮಾತೂ ಬೇಡ ಅನ್ನುವ ಹಾಗಿದ್ದಳು. ಕೆಂಪು ಟವೆಲ್ಲನ್ನು ಮಡಚುವುದು, ಬಿಡಿಸುವುದು, ಮತ್ತೆ ಮಡಚುವುದು.

“ಅಮ್ಮಾವ್ರೇ,” ಅಂದಳು ಬಹಳ ಹೊತ್ತಾದ ಮೇಲೆ, “ಆಗ್ದೋದ್ರೆ ನಾನ್ ಇವ್ಳ್ನ ಏನೂ ಅನ್ನಲ್ಲ. ಆದ್ರೆ ಇವ್ಳು ನನ್ ಥರಾನೇ ನಿಂತ್ಕಬೇಕಲ್ಲ ಇನ್ಮೇಕೆ, ಅದೇಯಾ.”

ಬೆಲ್ಲು ಹೊಡೆಯಿತು. ಸೊಸೆ ಬಂದಳು. ಮುಖ ನೋಡಿದರೆ ಏನೂ ಗೊತ್ತಾಗುವ ಹಾಗಿರಲಿಲ್ಲ.

“ಊಹೆ ಎಷ್ಟು ಬಂದಿತ್ತು?” ಅಂದೆ.

“ಬಂದಿದ್ವು ಮೇಡಂ. ಒಂದ್ರಲ್ಲಿ ಕೈ ತಡೀತು. ಆಸ್ಪತ್ರೆ ಮುಂದೆ ‘ಹಾರ್ನ್ ಮಾಡಬೇಡಿ’ ಅಂತ ಬೋರ್ಡು. ಜನ ಕೇಳ್ತಾರೆ ಅನ್ನೋದು ಊಹೆ. ನಮ್ ಆಸ್ಪತ್ರೆ ಮುಂದೆ ಮಾಡೋ ಹಾರ್ನು ನೆನಸ್ಕಂಡು ನಗು ಬಂದ್ಬುಡ್ತು.”

“ಆಮೇಲೆ?”

“ಟವೆಲ್ ಅನ್ಕಂಡೆ. ತುಂಬ್ದೆ.”

ರಿಸಲ್ಟಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಮಂಗಳವಾರ ಬೆಣ್ಣೆ ಬರುತ್ತಿತ್ತು, ಪಾಠವಿರಲಿಲ್ಲ. ಗೇಟಿನ ಸದ್ದಾದರೆ ನಾನು ಮೊದಲು ಆಕೆಯ ಮುಖ ನೋಡುವೆ, ಆಕೆ ತಲೆ ಅಲ್ಲಾಡಿಸುವಳು. ಕೊನೆಗೆ ಬಂದದ್ದು ಮಂಗಳವಾರವಲ್ಲ. ಒಂದು ಮಧ್ಯಾಹ್ನ ಫೋನು. ಸೊಸೆ, “ಮೇಡಂ...” ಅನ್ನುವಷ್ಟರಲ್ಲಿ ಯಾರೋ ಫೋನು ಕಿತ್ತುಕೊಂಡರು. “ಅಮ್ಮಾವ್ರೇ! ಸೀಟ್ ಸಿಕ್ತು!” ಅಂತ ಒಂದು ಕೂಗು. ಕಿವಿಯಿಂದ ದೂರ ಹಿಡಿದರೂ ಯಜಮಾನರಿಗೆ ಕೇಳಿಸಿತು. ಅವರು ಕನ್ನಡಕ ತೆಗೆದು ಒರೆಸುತ್ತಾ, “ಡೇಟಾ ಸಫಿಷಿಯೆಂಟ್,” ಅಂದರು.

ಪೋಸ್ಟಿಂಗು ಬಂದದ್ದು ಹನೂರಿನಿಂದಲೂ ಆಚೆ, ಬೆಟ್ಟದ ಬುಡದ ಒಂದು ಊರಿಗೆ. ಹೊಸ ಊರಿಗೆ ಒಬ್ಬಳನ್ನೇ ಕಳಿಸುವುದಾ ಅಂತ ಅತ್ತೆ ತಾನೂ ಹೊರಟಳು, ಒಂದು ತಿಂಗಳಿದ್ದು ಬರುವುದಾಗಿ. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಮಗನೂ ಆಮೇಲೆ ಅಲ್ಲಿಗೇ ಹೋದ, ಎರಡು ಹಸು ಕಟ್ಟಿದ್ದಾರೆ, ಆಕೆ ಆ ಊರಿನಲ್ಲೂ ಬೆಣ್ಣೆ ಶುರುಮಾಡಿದ್ದಾಳೆ. ಒಂದು ದಿನ ಆಫೀಸಿನ ಬಾಗಿಲಲ್ಲಿ ನಿಂತು, ಸೊಸೆ ಫ್ಯಾನಿನ ಕೆಳಗೆ ಕೂತಿರುವುದನ್ನು ನೋಡಿಕೊಂಡು ಬಂದಳಂತೆ. “ಫ್ಯಾನು ತಿರುಗ್ತಿರ್ನಿಲ್ಲ, ಕರೆಂಟಿರ್ನಿಲ್ಲ. ಆದ್ರೂ ಕೂತಿದ್ಲು ಕಣಮ್ಮ,” ಅಂತ ಫೋನಿನಲ್ಲಿ ಹೇಳಿದಳು. ಕೊಪ್ಪಕ್ಕೆ ಹಬ್ಬಕ್ಕೆ ಬಂದರೂ ನಿಂತ ಕಾಲಲ್ಲಿ ಬಂದು ಹೋಗುತ್ತಾರೆ. ನನ್ನ ಮಂಡಿ ಈಗ ಗೇಟಿನವರೆಗೆ ಮಾತ್ರ.

ಅವರು ಹೊರಟ ದಿನ ನನಗೂ ಮಳವಳ್ಳಿಯಲ್ಲಿ ಅಣ್ಣನ ಮನೆಗೆ ಹೋಗುವುದಿತ್ತು. ಮಂಡ್ಯದಿಂದ ನೇರ ಬಸ್ಸಿದ್ದರೂ ಜೊತೆಯಾಗಲಿ ಅಂತ ಮದ್ದೂರಿಗೆ ಬಂದೆ. ಸ್ಟ್ಯಾಂಡಿನಲ್ಲಿ ಜನವೋ ಜನ. ಅತ್ತೆಯ ಒಂದು ಕೈಯಲ್ಲಿ ಗ್ಯಾಸ್ ಸ್ಟೌವಿನ ಮೂಟೆ, ಇನ್ನೊಂದರಲ್ಲಿ ಪಾತ್ರೆ ಚೀಲ. ಸೊಸೆಯ ತಲೆಯ ಮೇಲೆ ಹಾಸಿಗೆ. ಕೆಂಪು ಟವೆಲ್ಲು ಮೂಟೆಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಕೊಳ್ಳೇಗಾಲದ ಬಸ್ಸು ತಿರುಗಿ ಬಂತು. ಜನ ಓಡಿದರು.

“ಅಮ್ಮಾವ್ರೇ, ಹಾಕಿ! ಕೈ ಖಾಲಿ ಇರದು ನಿಮ್ದೊಬ್ರುದೇ! ಹಾಕಿ ಅಂದ್ರೆ!”

ನಾನು ಏನನ್ನು ಹಾಕಲಿ? ಬ್ಯಾಗಿನಲ್ಲಿದ್ದದ್ದು ನನ್ನ ಬಿಳಿ ಕರ್ಚೀಪು, ಮೂಲೆಯಲ್ಲಿ ಸ್ಯಾಟಿನ್ ಸ್ಟಿಚ್ಚಿನ ನೀಲಿ ಹೂವು. ಹಾಸ್ಟೆಲ್ಲಿನಲ್ಲಿ ಕಲಿತ ಕಸೂತಿಯನ್ನು ನಾನಿನ್ನೂ ಬಿಟ್ಟಿಲ್ಲ. ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ಓಡಿ, ಈ ವಯಸ್ಸಿನಲ್ಲಿ, ಕಿಟಕಿಗೆ ಎಸೆದೆ. ಅದು ಗಾಳಿಗೆ ಅರಳಿಕೊಂಡು ನನ್ನ ಮುಖದ ಮೇಲೇ ವಾಪಸ್ಸು ಬಿತ್ತು.

“ಗಂಟ್ ಹಾಕಿ ಎಸೀರಿ! ಅಯ್ಯೋ ಸಿವನೇ, ಇಸ್ಕೂಲಲ್ಲಿ ಏನ್ ಕಲ್ಸುದ್ರು ನಿಮ್ಗೆ!”

ಗಂಟು ಹಾಕಿ ಎಸೆದೆ. ಒಳಗೆ ಹೋಯಿತು. ನಾವು ಹತ್ತಿ ನೋಡುವಾಗ ಮೂರು ಜನದ ಸೀಟಿನ ನಟ್ಟನಡುವೆ ಅದು ಕೂತಿತ್ತು, ಸುತ್ತ ಯಾರೂ ಕೂತಿರಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೋ! ಸಿಸ್ಟರ್ ನೋಡಿದ್ದರೆ ಜಪಸರ ಕೈಜಾರುತ್ತಿತ್ತು. ಕಿಟಕಿಗೆ ಸೊಸೆ, ನಡುವೆ ಅತ್ತೆ, ಈಚೆ ನಾನು. ದಾರಿಯುದ್ದಕ್ಕೂ ಕಬ್ಬಿನ ಗದ್ದೆ. ಅತ್ತೆ ಒಂದು ಮೈಲಿಯೂ ನಿದ್ದೆ ಮಾಡಲಿಲ್ಲ. ಸೊಸೆ ಆರ್ಡರಿನ ಕವರನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು.

ಮಳವಳ್ಳಿ ಬಂತು. ನಾನು ಎದ್ದೆ. ಸೊಸೆ ಬಗ್ಗಿ ಕಾಲು ಮುಟ್ಟಿದಳು. ಅತ್ತೆ ಏಳಲಿಲ್ಲ, ಎದ್ದರೆ ಸೀಟು ಹೋದೀತು. “ಓಗ್ ಬನ್ನಿ ಅಮ್ಮಾವ್ರೇ, ನಿಧಾನಕ್ ಇಳೀರಿ,” ಅಂದಳಷ್ಟೇ.

ಇಳಿದು ಕಿಟಕಿಯ ಕೆಳಗೆ ನಿಂತೆ. ಬಾಗಿಲಲ್ಲಿ ಹೊಸ ಜನ ನುಗ್ಗುತ್ತಿದ್ದರು. ಆಗ ನೋಡಿದೆ. ಅತ್ತೆ ನನ್ನ ಕರ್ಚೀಪಿನ ಗಂಟನ್ನು ಬಿಚ್ಚಿ, ಕೈಯಿಂದ ನೀವಿ ನೀವಿ ಸುಕ್ಕು ತೆಗೆದು, ನಾನು ಎದ್ದುಬಂದ ಜಾಗದಲ್ಲಿ ಹೂವು ಮೇಲೆ ಕಾಣುವಂತೆ ಹಾಸಿದಳು. ಚೀಲ ಹಿಡಿದ ಒಬ್ಬ ಗಂಡಸು ಅಲ್ಲಿ ಕೂರಲು ಬಗ್ಗಿದ.

“ಜನ ಅವ್ರೆ ಕಣಪ್ಪ,” ಅಂದಳು ಆಕೆ, ಬಸ್ಸಿಗೆಲ್ಲ ಕೇಳುವ ಹಾಗೆ. “ಕರ್ಚೀಪ್ ಕಾಣಕಿಲ್ವಾ? ಬತ್ತಾರೆ.”

ಅವನು ಬಾಗಿಲ ಕಡೆ ಒಮ್ಮೆ ನೋಡಿದ, ಯಾರು ಬರುತ್ತಾರೆ ಅಂತ. ಆಮೇಲೆ ಮುಂದಕ್ಕೆ ಸರಿದ. ಬಸ್ಸು ಹೊರಟಿತು. ಆಕೆ ನನ್ನ ಕಡೆ ತಿರುಗಲಿಲ್ಲ. ಸೀಟು ಕಾಯುತ್ತಾ ಕೂತಿದ್ದಳು.

ನಾನು ಆಕೆಯನ್ನು ನೋಡಿದ್ದು ಅದೇ ಕೊನೆ.